ಹಬ್ಬದಡಿಗೆಯಲ್ಲಿ ಸಬ್ಬತ್ತಿನ ಪಾಲು

ಯೆಹೂದ್ಯರ ಹಬ್ಬವು ಶುಕ್ರವಾರದಂದು ಬಂದಿತೆಂದರೆ ಅವರ ಅಡಿಗೆಮನೆಗಳಲ್ಲಿ ಒಂದು ಧರ್ಮಸೂಕ್ಷ್ಮವು ತಲೆದೋರುವುದು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರಗಳು ಕಾಣುವವರೆಗೆ ಅವರಿಗೆ ಸಬ್ಬತ್ತು. ಆ ಅವಧಿಯಲ್ಲಿ ಒಲೆ ಹೊತ್ತಿಸಲಾಗದು, ಅಡಿಗೆ ಮಾಡಲಾಗದು. ಶನಿವಾರದ ಊಟವೆಲ್ಲವೂ ಶುಕ್ರವಾರದ ಹಗಲಿನಲ್ಲಿಯೇ ಸಿದ್ಧವಾಗಿರತಕ್ಕದ್ದು. ಬೇರೆ ವಾರಗಳಲ್ಲಿ ಇದರಿಂದ ತೊಡಕೇನೂ ಇಲ್ಲ. ಆದರೆ ಆ ಶುಕ್ರವಾರವೇ ಹಬ್ಬವಾದರೆ? ಹಬ್ಬದ ದಿನ ಅಡಿಗೆಗೆ ಅಡ್ಡಿಯಿಲ್ಲವೆಂಬುದು ನಿಜ. ಆದರೆ ಅದು ಆ ದಿನದ ಊಟಕ್ಕೆ ಮಾತ್ರ, ಮರುದಿನಕ್ಕೆಂದು ಮಾಡುವ ಹಾಗಿಲ್ಲ. ಮನೆಯೊಡತಿಯು ಎರಡು ವಿಧಿಗಳ ನಡುವೆ ಸಿಕ್ಕಿಕೊಳ್ಳುವಳು. ಇಂದು ಒಲೆಯ ಮೇಲೆ ನಾಳೆಯ ಪಾತ್ರೆಯನ್ನಿಟ್ಟರೆ ಹಬ್ಬಕ್ಕೆ ಅಪಚಾರ; ಇಡದಿದ್ದರೆ ನಾಳೆ ಸಬ್ಬತ್ತಿಗೆ ಅಗೌರವ. ಈ ಇಕ್ಕಟ್ಟಿನಿಂದ ಪಾರಾಗಲು ಆ ಜನರ ಪೂರ್ವಪಂಡಿತರು ಕಲ್ಪಿಸಿದ ‘ಏರೂವ್ ತವ್ಶೀಲಿನ್’ ಎಂಬ ವಿಧಿಯನ್ನು ಕುರಿತು ಈ ಹೊತ್ತು ನಾವು ಕೆಲವು ಮಾತುಗಳನ್ನು ಶ್ರೋತೃಗಳ ಮುಂದೆ ಇಡಬೇಕೆಂದಿರುವೆವು.

ಸಬ್ಬತ್ತಿನ ನಿಷ್ಠೆ ಎಷ್ಟು ಕಟ್ಟುನಿಟ್ಟಾದುದೆಂಬುದನ್ನು ಮೊದಲು ತಿಳಿಯಬೇಕು. ಕ್ರಿಸ್ತಶಕ 200ರ ಸುಮಾರಿನಲ್ಲಿ ಯೆಹೂದಾ ಹನಾಸಿ ಎಂಬ ಆಚಾರ್ಯನು ಸಂಕಲಿಸಿದ ‘ಮಿಷ್ನಾ’ ಎಂಬ ಧರ್ಮಸಂಹಿತೆಯು ಆ ದಿನ ವರ್ಜ್ಯವಾದ ಕೆಲಸಗಳನ್ನು 39 ಬಗೆಯಾಗಿ ಎಣಿಸಿದೆ. ಬಿತ್ತುವುದು, ಉಳುವುದು, ಕೊಯ್ಯುವುದು, ಬೀಸುವುದು, ಜರಡಿ ಹಿಡಿಯುವುದು, ಹಿಟ್ಟು ನಾದುವುದು, ರೊಟ್ಟಿ ಸುಡುವುದು ಎಂದು ಹೊಲದಿಂದ ಒಲೆಯವರೆಗಿನ ದುಡಿಮೆಯೆಲ್ಲವೂ ಆ ಪಟ್ಟಿಯಲ್ಲಿ ಸೇರಿರುವುದು. ಬೆಂಕಿಯನ್ನು ಹೊತ್ತಿಸುವುದು, ನಂದಿಸುವುದು, ಒಂದು ವಸ್ತುವನ್ನು ಮನೆಯಿಂದ ಬೀದಿಗೆ ಒಯ್ಯುವುದು ಕೂಡ ಅದರಲ್ಲಿವೆ. ನಮ್ಮ ನೆರೆಯ ಕೊಂಕಣದಲ್ಲಿ ಬಹುಕಾಲದಿಂದ ನೆಲಸಿದ್ದ ಬೆನೆ ಇಸ್ರಾಯೇಲರು ಗಾಣದ ವೃತ್ತಿಯವರು. ತಮ್ಮ ಜಾತಿಯ ಇತರ ಆಚಾರಗಳೆಷ್ಟೋ ಮರೆತುಹೋದ ಕಾಲದಲ್ಲಿಯೂ ಅವರು ಶನಿವಾರ ಗಾಣವನ್ನು ಕಟ್ಟುತ್ತಿರಲಿಲ್ಲ. ಅದರಿಂದಲೇ ನೆರೆಹೊರೆಯ ಮರಾಠಿಗರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು.

ಹಬ್ಬದ ದಿನಗಳು ಇಷ್ಟು ಬಿಗಿಯಾದವುಗಳಲ್ಲ. ಪಸ್ಕಹಬ್ಬ, ವಾರಗಳ ಹಬ್ಬ, ಪರ್ಣಶಾಲೆಗಳ ಹಬ್ಬ, ವರ್ಷಾದಿ, ಇವುಗಳಲ್ಲಿಯೂ ದುಡಿಮೆ ನಿಷಿದ್ಧವೇ. ಆದರೆ ವಿಮೋಚನಕಾಂಡದ 12ನೆಯ ಅಧ್ಯಾಯದಲ್ಲಿ ಪಸ್ಕಹಬ್ಬದ ವಿಧಿಯನ್ನು ಹೇಳುವಾಗ ಪ್ರತಿಯೊಬ್ಬನ ಊಟಕ್ಕೆ ಬೇಕಾದುದನ್ನು ಮಾತ್ರ ಸಿದ್ಧಪಡಿಸಬಹುದೆಂದು ವಿನಾಯಿತಿಯನ್ನಿತ್ತಿದೆ. ಹಬ್ಬವೆಂದರೆ ಸಂತೋಷ, ಬಿಸಿಯೂಟವಿಲ್ಲದೆ ಸಂತೋಷವೆಲ್ಲಿ? ಆದುದರಿಂದ ಹಬ್ಬದಂದು ಹಿಟ್ಟು ನಾದಬಹುದು, ಸುಡಬಹುದು, ಬೇಯಿಸಬಹುದು. ಹೊಸದಾಗಿ ಬೆಂಕಿಯನ್ನು ಹುಟ್ಟಿಸಲಾಗದಾದರೂ ಮೊದಲೇ ಉರಿಯುತ್ತಿರುವ ದೀಪದಿಂದ ಒಲೆಗೆ ಉರಿಯನ್ನು ಹಚ್ಚಿಕೊಳ್ಳಬಹುದು. ಇದಕ್ಕಾಗಿಯೇ ಇಂದಿಗೂ ಶ್ರದ್ಧಾವಂತರ ಮನೆಗಳಲ್ಲಿ ಹಬ್ಬದ ಹಿಂದಿನ ಸಂಜೆ ಎರಡು ದಿನ ಉರಿಯತಕ್ಕ ದೊಡ್ಡ ಮೇಣದ ದೀಪವೊಂದನ್ನು ಹಚ್ಚಿಡುವರು. ಈ ವಿನಾಯಿತಿಯು ಪ್ರಾಯಶ್ಚಿತ್ತದ ಮಹಾದಿನಕ್ಕೆ ಅನ್ವಯಿಸದು. ಅದು ಉಪವಾಸದ ದಿನ.

ಇಷ್ಟರಿಂದಲೇ ತೊಡಕು ತಿಳಿಯಾಗಿ ಕಾಣುವುದು. ವಿನಾಯಿತಿಯನ್ನು ಕೊಟ್ಟುದು ಹಬ್ಬದ ಸಂತೋಷಕ್ಕಾಗಿ. ನಾಳೆಯ ಊಟವು ಇಂದಿನ ಹಬ್ಬದ ಸಂತೋಷಕ್ಕೆ ಏನನ್ನು ಕೂಡಿಸೀತು?

ಒಂದು ದಿನವು ಇನ್ನೊಂದು ದಿನಕ್ಕೆ ಊಳಿಗ ಮಾಡಬಹುದೆ ಎಂಬ ಈ ಪ್ರಶ್ನೆಯನ್ನು ಆ ಪಂಡಿತರು ಎಷ್ಟು ದೂರ ಬೆನ್ನಟ್ಟಿದರೆಂಬುದಕ್ಕೆ ಒಂದು ಉದಾಹರಣೆಯುಂಟು. ಹಬ್ಬದ ವಿಧಿಗಳನ್ನು ಹೇಳುವ ಪ್ರಕರಣಕ್ಕೆ ‘ಬೇತ್ಸಾ’, ಎಂದರೆ ಮೊಟ್ಟೆ, ಎಂದೇ ಹೆಸರು. ಅದರ ಮೊದಲನೆಯ ಚರ್ಚೆಯೇ ಮೊಟ್ಟೆಯದು: ಹಬ್ಬದ ದಿನ ಕೋಳಿಯಿಟ್ಟ ಮೊಟ್ಟೆಯನ್ನು ಆ ದಿನವೇ ತಿನ್ನಬಹುದೆ? ತಿನ್ನಬಹುದೆಂದು ಶಮ್ಮಾಯಿಯ ಮತದವರು. ಕೂಡದೆಂದು ಹಿಲ್ಲೇಲನ ಮತದವರು. ಸಾಮಾನ್ಯವಾಗಿ ಬಿಗಿ ಹಿಡಿಯತಕ್ಕವರು ಶಮ್ಮಾಯಿಯ ಕಡೆಯವರು, ಸಡಿಲಿಸತಕ್ಕವರು ಹಿಲ್ಲೇಲನ ಕಡೆಯವರು. ಇಲ್ಲಿ ಮಾತ್ರ ಸ್ಥಾನಗಳು ಅದಲುಬದಲಾಗಿವೆ. ಬಾಬಿಲೋನಿನ ಆಚಾರ್ಯನಾದ ರಬ್ಬಾ ಎಂಬಾತನು ನಿಷೇಧಕ್ಕೆ ಕಾರಣವನ್ನು ಹೀಗೆ ವಿವರಿಸಿದನು. ಇಂದು ಹೊರಬಂದ ಮೊಟ್ಟೆಯು ನಿನ್ನೆಯೇ ಕೋಳಿಯ ಹೊಟ್ಟೆಯಲ್ಲಿ ಪೂರ್ಣವಾಗಿದ್ದಿತು. ನಿನ್ನೆಯು ಸಬ್ಬತ್ತಾಗಿದ್ದು ಇಂದು ಹಬ್ಬವಾಗಿದ್ದರೆ, ಸಬ್ಬತ್ತು ಹಬ್ಬಕ್ಕಾಗಿ ಅಣಿಮಾಡಿಕೊಟ್ಟಂತಾಯಿತು. ಸಾಮಾನ್ಯ ದಿನವು ಸಬ್ಬತ್ತಿಗೂ ಹಬ್ಬಕ್ಕೂ ಅಣಿಮಾಡಿಕೊಡಬಹುದು. ಸಬ್ಬತ್ತು ಹಬ್ಬಕ್ಕೆ, ಹಬ್ಬ ಸಬ್ಬತ್ತಿಗೆ ಅಣಿಮಾಡಿಕೊಡಲಾಗದು. ಹಾಗಾದರೆ ಹಬ್ಬದಲ್ಲಿ ಸಬ್ಬತ್ತಿನ ಅಡಿಗೆಯು ಎಂದಿಗೂ ಸಾಧ್ಯವಿಲ್ಲವಲ್ಲಾ ಎಂದು ಶ್ರೋತೃಗಳು ಕೇಳಬಹುದು. ಟೀಕಾಕಾರರೂ ಅದನ್ನೇ ಕೇಳಿ, ಮೊಟ್ಟೆಯು ಹೊಸದಾಗಿ ಲೋಕಕ್ಕೆ ಬಂದ ವಸ್ತು, ಹಿಟ್ಟು ಬೇಳೆಗಳಾದರೋ ಮೊದಲೇ ಇದ್ದವು, ಬೇಯಿಸುವುದು ಇರುವುದನ್ನು ಹದಗೊಳಿಸುವುದು ಮಾತ್ರವೆಂದು ಸಮಾಧಾನ ಹೇಳಿರುವರು. ಕೋಳಿಗೆ ಸಲ್ಲದ ರಿಯಾಯಿತಿಯು ಹೀಗೆ ಅಡಿಗೆಯವಳಿಗೆ ಸಂದಿತು.

ಇನ್ನು ವಿಧಿಯ ಸ್ವರೂಪ. ಹಬ್ಬವು ಹತ್ತುವುದಕ್ಕೆ ಮುಂಚೆ, ಎಂದರೆ ಹಿಂದಿನ ದಿನ ಹೊತ್ತು ಮುಳುಗುವುದರೊಳಗಾಗಿ, ಮನೆಯ ಯಜಮಾನನು ಕೋಳಿಮೊಟ್ಟೆಯ ಗಾತ್ರಕ್ಕೆ ಕಡಿಮೆಯಿಲ್ಲದ ರೊಟ್ಟಿಯನ್ನೂ, ಆಲಿವ್ ಕಾಯಿಯ ಗಾತ್ರಕ್ಕೆ ಕಡಿಮೆಯಿಲ್ಲದ ಬೇಯಿಸಿದ ಪದಾರ್ಥವೊಂದನ್ನೂ ಕೈಯಲ್ಲಿ ತೆಗೆದುಕೊಳ್ಳುವನು. ದೇವರನ್ನು ಸ್ತುತಿಸಿ, ಈ ಏರೂವಿನ ಬಲದಿಂದ ಹಬ್ಬದ ದಿನ ಸಬ್ಬತ್ತಿಗಾಗಿ ಸುಡುವುದಕ್ಕೂ, ಬೇಯಿಸುವುದಕ್ಕೂ, ಬಿಸಿಯಾರದಂತೆ ಮುಚ್ಚಿಡುವುದಕ್ಕೂ, ದೀಪ ಹಚ್ಚುವುದಕ್ಕೂ ತಮಗೆ ಅನುಮತಿಯಾಗಲೆಂದು ನುಡಿಯುವನು. ಈ ನುಡಿ ಇರುವುದು ಹೀಬ್ರೂವಿನಲ್ಲಲ್ಲ, ಅರಾಮಿಕ್ ಭಾಷೆಯಲ್ಲಿ. ಒಂದು ಕಾಲದಲ್ಲಿ ಅದು ಜನಸಾಮಾನ್ಯರ ಮನೆಮಾತಾಗಿದ್ದಿತು. ಅದು ತಿಳಿಯದವನು ತನಗೆ ತಿಳಿಯುವ ಭಾಷೆಯಲ್ಲಿ ಹೇಳತಕ್ಕದ್ದೆಂದು ವಿಧಿ. ಅರ್ಥವರಿಯದೆ ಉರು ಹೊಡೆದ ಮಾತಿಗೆ ಇಲ್ಲಿ ಬೆಲೆಯಿಲ್ಲವೆಂಬುದು ನಮಗೆ ಬಹಳ ಮೆಚ್ಚಿಕೆಯಾದ ಅಂಶ. ಬಳಿಕ ಆ ರೊಟ್ಟಿಯನ್ನೂ ಪದಾರ್ಥವನ್ನೂ ಜೋಪಾನವಾಗಿ ಎತ್ತಿಡುವರು. ಸಾಮಾನ್ಯವಾಗಿ ಬೇಯಿಸಿದ ಮೊಟ್ಟೆಯನ್ನೇ ಇಡುವುದು ಬಳಕೆ. ಕೆಡದೆ ಉಳಿಯುವುದು, ಯಾವ ಮನೆಯಲ್ಲಿಯೂ ಸಿಕ್ಕುವುದು. ಪಸ್ಕಹಬ್ಬದಲ್ಲಿ ಹುಳಿಹಿಟ್ಟಿನ ರೊಟ್ಟಿಗೆ ಬದಲಾಗಿ ಹುಳಿಯಿಲ್ಲದ ‘ಮತ್ಸಾ’ ರೊಟ್ಟಿಯನ್ನಿಡುವರು.

ಏರೂವ್ ಎಂದರೆ ಬೆರೆಸುವಿಕೆ, ತವ್ಶೀಲಿನ್ ಎಂದರೆ ಬೇಯಿಸಿದ ಪದಾರ್ಥಗಳು. ಸಬ್ಬತ್ತಿನ ಅಡಿಗೆಯು ಸಾಮಾನ್ಯ ದಿನದಲ್ಲಿಯೇ ಆರಂಭವಾಯಿತು. ಹಬ್ಬದ ದಿನ ಮಾಡುವುದು ಆರಂಭವಾದುದರ ಮುಂದುವರಿಕೆ ಮಾತ್ರ ಎಂಬುದೇ ಇದರ ತಿರುಳು. ಎತ್ತಿಡತಕ್ಕದ್ದೆಷ್ಟು ಎಂಬುದರಲ್ಲಿಯೂ ಹಳೆಯ ಭೇದವಿದೆ: ಶಮ್ಮಾಯಿಯ ಮತದವರು ಎರಡು ಪದಾರ್ಥಗಳು ಬೇಕೆಂದರು, ಹಿಲ್ಲೇಲನ ಮತದವರು ಒಂದು ಸಾಕೆಂದರು, ಮೇಲೆ ಮೊಟ್ಟೆಯನ್ನು ಸವರಿ ಬೇಯಿಸಿದ ಮೀನು ಎರಡರ ಲೆಕ್ಕಕ್ಕೆ ಬರುವುದೆಂದು ಇಬ್ಬರೂ ಒಪ್ಪಿದರು. ಇಲ್ಲಿ ಬಡವನನ್ನು ಮರೆತಿಲ್ಲವೆಂಬುದು ಗಮನಿಸತಕ್ಕದ್ದು. ಗಡಿಗೆಯ ತಳದಲ್ಲಿ ಅಂಟಿಕೊಂಡು ಉಳಿದ ಚನ್ನಂಗಿ ಬೇಳೆಯಾದರೂ ಸರಿಯೆ, ಆಲಿವ್ ಕಾಯಿಯಷ್ಟಾದರೆ ಅದನ್ನೇ ಏರೂವೆಂದು ನಂಬಬಹುದೆಂದು ತಾಲ್ಮುದ್ ಹೇಳುವುದು. ಕೊಬ್ಬನ್ನು ಕೊಯ್ದ ಚೂರಿಗೆ ಅಂಟಿದ ಜಿಡ್ಡನ್ನು ಕೆರೆದು ತೆಗೆದರೂ ಆದೀತು.

ಎತ್ತಿಟ್ಟುದು ಸಬ್ಬತ್ತಿನ ಅಡಿಗೆ ಮುಗಿಯುವವರೆಗೂ ಇರತಕ್ಕದ್ದು. ಮಗುವೋ ಬೆಕ್ಕೋ ಅದನ್ನು ಮೊದಲೇ ತಿಂದು ಮುಗಿಸಿದರೆ ಹೊಸದಾಗಿ ಒಲೆಯ ಮೇಲೆ ಏನನ್ನೂ ಇಡಲಾಗದು. ಸ್ವಲ್ಪ ಉಳಿದಿದ್ದರೆ ಅದನ್ನೇ ಆಧರಿಸಬಹುದು. ನಾದಲು ತೊಡಗಿದ ಹಿಟ್ಟಿದ್ದರೆ ಅದನ್ನು ಸುಟ್ಟು ಮುಗಿಸಬಹುದು. ಹಬ್ಬವು ಗುರುವಾರ ಶುಕ್ರವಾರಗಳೆರಡೂ ಆದಾಗ ಏರೂವನ್ನು ಬುಧವಾರವೇ ಇಡಬೇಕು. ಆದರೂ ಶನಿವಾರದ ಅಡಿಗೆಯನ್ನು ಗುರುವಾರ ಮಾಡುವ ಹಾಗಿಲ್ಲ, ಶುಕ್ರವಾರವೇ ಮಾಡಬೇಕು.

ಇಷ್ಟೆಲ್ಲಾ ಏಕೆ? ಬಾಬಿಲೋನಿನ ತಾಲ್ಮುದಿನಲ್ಲಿ ಇದಕ್ಕೆ ಹೇಳಿದ ಕಾರಣಗಳು ಒಂದಕ್ಕೊಂದು ಎದುರುಮುಖವಾದವು. ಐದನೆಯ ಶತಮಾನದ ಪೂರ್ವಾರ್ಧದವರೆಗೆ ಬಾಳಿದ ರವ್ ಆಶಿಯ ಎಣಿಕೆಯಲ್ಲಿ ಇದು ಹಬ್ಬಕ್ಕೆ ಕಟ್ಟಿದ ಬೇಲಿ. ಪವಿತ್ರವಾದ ಸಬ್ಬತ್ತಿಗೆ ಅಡಿಗೆ ಮಾಡುವುದಕ್ಕೂ ಇಷ್ಟು ಮುಂಜಾಗ್ರತೆ ಬೇಕೆಂದಮೇಲೆ, ಹಬ್ಬದ ದಿನ ಬರಿಯ ಸೋಮವಾರ ಮಂಗಳವಾರಗಳಿಗೆ ಅಡಿಗೆ ಮಾಡುವುದು ಎಷ್ಟರಮಟ್ಟಿಗೂ ಸಲ್ಲದೆಂದು ಜನ ಅರಿತುಕೊಳ್ಳುವರು. ಹನ್ನೆರಡನೆಯ ಶತಮಾನದ ಮಹಾಪಂಡಿತನಾದ ಮೈಮೋನಿಡೀಸನೂ ಇದೇ ದಾರಿಯನ್ನು ಹಿಡಿದು, ಏರೂವು ಜನರಿಗೆ ಒಂದು ನೆನಪಿನ ಗುರುತು ಎಂದಿರುವನು. ರವ್ ಆಶಿಗಿಂತ ಹಿಂದಿನವನಾದ ರಾವಾ ಎಂಬಾತನ ದೃಷ್ಟಿಯೇ ಬೇರೆ. ಆತನಿಗೆ ಇದು ಸಬ್ಬತ್ತಿಗೆ ಕಟ್ಟಿದ ಬೇಲಿ. ಹಬ್ಬದ ಸಡಗರದಲ್ಲಿ ಒಳ್ಳೆಯ ತುಂಡುಗಳೆಲ್ಲ ಹಬ್ಬದೂಟಕ್ಕೇ ಹೋಗಿ, ಮರುದಿನ ಸಬ್ಬತ್ತಿಗೆ ಮಿಕ್ಕಿದ್ದು ಮಾತ್ರ ಉಳಿಯಬಾರದು. ಎರಡಕ್ಕೂ ಉತ್ತಮವಾದುದನ್ನೇ ಆರಿಸಲೆಂದು ಮುಂಚೆಯೇ ಎಚ್ಚರಿಸುವುದು ಇದರ ಕೆಲಸ. ಇವರಿಬ್ಬರಿಗಿಂತ ಹಿಂದೆ, ಮೂರನೆಯ ಶತಮಾನದಲ್ಲಿದ್ದ ಶ್ಮೂವೇಲನು, ಸಬ್ಬತ್ತನ್ನು ಸ್ಮರಿಸಬೇಕೆಂಬ ದಶಾಜ್ಞೆಯ ವಿಧಿಗೆ ಈ ಸಂದರ್ಭದಲ್ಲಿ ವಿಶೇಷಾರ್ಥವನ್ನು ಹಚ್ಚಿದನು: ಅದನ್ನು ಮರೆಸಲು ಬಂದ ಇನ್ನೊಂದರ ಎದುರಿನಲ್ಲಿಯೂ ಅದನ್ನು ಸ್ಮರಿಸಬೇಕು.

ನಮ್ಮ ಮನಸ್ಸು ಒಲಿಯುವುದು ರಾವಾ ಮತ್ತು ಶ್ಮೂವೇಲರ ಕಡೆಗೆ. ವರ್ಷಕ್ಕೊಮ್ಮೆ ಬರುವ ನೆಂಟನಿಗೆ ಇಡೀ ಮನೆ ಏಳುವುದು. ವಾರವಾರವೂ ಬರುವ ನೆಂಟನು ಮನೆಯವನೇ ಎನ್ನಿಸಿಕೊಂಡು ಹಿಂದೆ ಬೀಳುವನು. ಆ ವಾರದ ನೆಂಟನ ತಟ್ಟೆಯನ್ನು ಹಬ್ಬದ ಒಗ್ಗರಣೆಯ ಸದ್ದು ಏಳುವ ಮುಂಚೆಯೇ ಒಂದು ಮೊಟ್ಟೆಯಿಂದಾದರೂ ಗುರುತುಮಾಡಿಡುವುದು ಔದಾರ್ಯದ ಮಾತು. ರವ್ ಆಶಿಯ ಕಾರಣವು ವಕೀಲನ ಕಾರಣ. ರಾವಾನದು ಮನೆಯ ಹಿರಿಯನ ಕಾರಣ.

ಆದರೆ ಇನ್ನೊಂದು ಆಕ್ಷೇಪಣೆಯುಂಟು. ಮೂಲಶಾಸ್ತ್ರವೇ ಹಬ್ಬದಲ್ಲಿ ಮರುದಿನದ ಅಡಿಗೆಯನ್ನು ನಿಷೇಧಿಸಿದ್ದರೆ ಒಂದು ರೊಟ್ಟಿಯ ಚೂರು ಆ ನಿಷೇಧವನ್ನು ತೊಡೆದೀತೆ? ಪಂಡಿತರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಸಬ್ಬತ್ತಿಗೆ ಬೇಕಾದುದನ್ನು ಹಬ್ಬದಲ್ಲಿ ಮಾಡಲು ಮೂಲಶಾಸ್ತ್ರದಲ್ಲಿಯೇ ಅವಕಾಶವಿದೆ, ನಿಷೇಧವು ಪಂಡಿತರು ಹಾಕಿದುದು, ಹಾಕಿದವರೇ ಸಡಿಲಿಸಬಹುದು ಎಂದು ರವ್ ಹಿಸ್ದಾ ಹೇಳಿದನು. ರಬ್ಬಾನು ಇನ್ನೂ ಸ್ವಾರಸ್ಯವಾದ ದಾರಿಯನ್ನು ಹಿಡಿದನು. ಹಬ್ಬದ ದಿನ ಮಾಡಿದ ಯಾವ ಅಡಿಗೆಯೂ ಆ ದಿನಕ್ಕೆ ಬೇಡದ ಅಡಿಗೆಯೆಂದು ಖಂಡಿತವಾಗಿ ಹೇಳಲಾಗದು; ಏಕೆಂದರೆ ಹೊತ್ತು ಮುಳುಗುವುದರೊಳಗೆ ಅತಿಥಿಗಳು ಬಾಗಿಲಿಗೆ ಬಂದಾರು! ಬಂದರೆ ಅದು ಅವರಿಗೆ ಬಡಿಸಿದ ಹಬ್ಬದಡಿಗೆಯೇ ಆಗುವುದು. ಬಾರದ ಅತಿಥಿಯೊಬ್ಬನು ಶಾಸ್ತ್ರವನ್ನು ಹೀಗೆ ಹೆಗಲುಕೊಟ್ಟು ನಿಲ್ಲಿಸಿರುವನು.

ಇದು ಬರಿಯ ಚಮತ್ಕಾರವಲ್ಲ. ಇದರಿಂದ ಅಡಿಗೆಮನೆಯ ಗಡಿಯಾರವೇ ಬದಲಾಯಿತು. ಅತಿಥಿ ಬಂದಾನೆಂಬುದೇ ಆಧಾರವಾದರೆ, ಅವನು ಬಂದಾಗ ತಿನ್ನುವ ಹಾಗೆ ಅಡಿಗೆ ಬೆಂದಿರಬೇಕಷ್ಟೆ? ಸೂರ್ಯಾಸ್ತಕ್ಕೆ ನಾಲ್ಕು ನಿಮಿಷವಿರುವಾಗ ಒಲೆಗೇರಿಸಿದ ಗಡಿಗೆಯಿಂದ ಯಾವ ಅತಿಥಿಗೆ ಬಡಿಸೋಣ? ಆದುದರಿಂದ ಅಂತಹ ಶುಕ್ರವಾರಗಳಲ್ಲಿ ಸಬ್ಬತ್ತಿನ ಅಡಿಗೆಯನ್ನು ಇನ್ನೂ ಹಗಲಿರುವಾಗಲೇ ಮುಗಿಸಬೇಕೆಂದು ಹದಿನೇಳನೆಯ ಶತಮಾನದಲ್ಲಿ ಪೋಲೆಂಡಿನ ಅವ್ರಹಾಂ ಗೊಂಬಿನೆರ್ ಎಂಬ ಪಂಡಿತನು ಎಚ್ಚರಿಸಿದನು. ರಾತ್ರಿಯೆಲ್ಲ ಮಂದವಾದ ಕಾವಿನಲ್ಲಿಟ್ಟು ಮರುದಿನ ಬಿಸಿಯಾಗಿ ಉಣ್ಣುವ ಕಾಳು, ಮಾಂಸಗಳ ಗಡಿಗೆಯನ್ನೂ ಆ ವಾರ ಬೇಗನೆ ಒಲೆಗೇರಿಸುವರು.

ಈಗ ಮರೆತವನ ಮಾತಿಗೆ ಬರೋಣ. ಈ ವಿಧಿಯ ನಿಜವಾದ ಪರೀಕ್ಷೆ ಅಲ್ಲಿರುವುದು. ಏರೂವನ್ನಿಡಲು ಮರೆತರೆ ಆ ಮನೆಗೆ ಸಬ್ಬತ್ತಿನ ಬಿಸಿಯೂಟವಿಲ್ಲ, ಹೆಂಡಿರು ಮಕ್ಕಳಿಗೂ ಇಲ್ಲ. ಒಬ್ಬನ ಮರೆವಿಗೆ ಇಷ್ಟು ದಂಡವೆ? ಯೂಫ್ರೆಟಿಸ್ ತೀರದ ನೆಹರ್ದೇಯ ಪಟ್ಟಣದಲ್ಲಿ ಶ್ಮೂವೇಲನ ತಂದೆಯು ಇದಕ್ಕೊಂದು ದಾರಿ ಮಾಡಿದ್ದನು: ತನ್ನ ಏರೂವನ್ನು ಇಡುವಾಗ ಇಡೀ ಪಟ್ಟಣದವರ ಪರವಾಗಿಯೂ ಇಡುತ್ತಿದ್ದನು. ತಿಬೇರಿಯಾದಲ್ಲಿ ರಬ್ಬಿ ಅಮ್ಮಿ, ರಬ್ಬಿ ಅಸ್ಸಿ ಎಂಬವರೂ ಹಾಗೆಯೇ ಮಾಡುತ್ತಿದ್ದರು. ಇದು ಬರಿಯ ಬಾಯಿಮಾತಲ್ಲ. ಆ ರೊಟ್ಟಿ, ಪದಾರ್ಥಗಳು ಊರವರೆಲ್ಲರ ಸ್ವತ್ತಾಗಬೇಕಾದುದರಿಂದ, ಇನ್ನೊಬ್ಬನ ಕೈಗೆ ಅವನ್ನು ಕೊಟ್ಟು, ಅವನು ಎಲ್ಲರ ಪರವಾಗಿ ಒಂದು ಹಿಡಿಯಷ್ಟು ಎತ್ತರಕ್ಕೆ ಎತ್ತಿ ಸ್ವೀಕರಿಸುವನು. ಊರಿನ ರಬ್ಬಿಯು ಹೀಗೆ ಮಾಡುವ ಪದ್ಧತಿಯು ಇಂದಿಗೂ ಇರುವುದು.

ಈ ಪ್ರಸಂಗದಲ್ಲಿ ತಾಲ್ಮುದ್ ಒಂದು ಸಣ್ಣ ಕಥೆಯನ್ನು ಹೇಳುವುದು. ಶ್ಮೂವೇಲನ ಸನ್ನಿಧಿಯಲ್ಲಿ ಪಾಠವನ್ನು ಒಪ್ಪಿಸುತ್ತಿದ್ದ ಒಬ್ಬ ಕುರುಡನಿದ್ದನು. ಒಂದು ಹಬ್ಬದಂದು ಅವನು ಬಾಡಿದ ಮುಖದಿಂದ ಕುಳಿತಿದ್ದುದನ್ನು ಕಂಡು ಶ್ಮೂವೇಲನು ಕಾರಣವನ್ನು ಕೇಳಲು, ಏರೂವನ್ನಿಡಲಿಲ್ಲವೆಂದು ಅವನು ಹೇಳಿಕೊಂಡನು. ತನ್ನದನ್ನೇ ಆಶ್ರಯಿಸೆಂದು ಶ್ಮೂವೇಲನು ಸಂತೈಸಿದನು. ಮರುವರ್ಷವೂ ಅದೇ ಹಬ್ಬ, ಅದೇ ಬಾಡಿದ ಮುಖ, ಅದೇ ಕಾರಣ. ಈ ಸಲ ಶ್ಮೂವೇಲನು ಸಂತೈಸಲಿಲ್ಲ. ನೀನು ಅಲಕ್ಷ್ಯ ಮಾಡಿದವನು. ಊರಿಗೆಲ್ಲ ನನ್ನ ಏರೂವಿನಿಂದ ಅನುಮತಿಯುಂಟು, ನಿನಗೆ ಮಾತ್ರ ಇಲ್ಲವೆಂದುಬಿಟ್ಟನು.

ಕುರುಡನ ವಿಷಯದಲ್ಲಿ ಇದು ಕಠಿನವಾಯಿತೆಂದು ಯಾರಿಗಾದರೂ ತೋರಬಹುದು. ನಮಗೂ ಮೊದಲು ತೋರುವುದು ಹಾಗೆಯೇ. ಆದರೆ ಆತನು ಓದುಬಲ್ಲವರ ನಡುವೆ ದಿನವೂ ಕುಳಿತು ಶಾಸ್ತ್ರವನ್ನು ಒಪ್ಪಿಸುತ್ತಿದ್ದವನು. ಏನು ತಿಳಿಯದ ಹಳ್ಳಿಗನಲ್ಲ. ಮೊದಲನೆಯ ವರ್ಷ ದೊರೆತ ಕರುಣೆಯನ್ನು ಎರಡನೆಯ ವರ್ಷ ಹಕ್ಕೆಂದು ಎಣಿಸಿದುದರಲ್ಲಿಯೇ ಅವನ ತಪ್ಪಿರುವುದು. ಯೋಸೇಫ್ ಕಾರೋ ಬರೆದು 1565ರಲ್ಲಿ ವೆನಿಸ್ ನಗರದಲ್ಲಿ ಮೊದಲು ಅಚ್ಚಾದ ‘ಶುಲ್ಹಾನ್ ಆರೂಖ್’ ಎಂಬ ನಿಬಂಧಗ್ರಂಥದಲ್ಲಿಯೂ ಇದೇ ನಿಂತಿತು: ಮರೆತವನಿಗೆ ಊರಿನ ಏರೂವು ಆಸರೆ, ಅಲಕ್ಷ್ಯ ಮಾಡಿದವನಿಗೆ ಅಲ್ಲ. ಹಾಗೆಂದು ಅಂತಹವನೂ ಹಸಿದಿರಬೇಕಾಗಿಲ್ಲ. ತನ್ನ ಹಿಟ್ಟನ್ನು ಏರೂವಿಟ್ಟ ನೆರೆಯವನಿಗೆ ದಾನವಾಗಿ ಕೊಟ್ಟರೆ, ನೆರೆಯವನು ಅದನ್ನು ಸುಟ್ಟು ಮರಳಿ ಇವನಿಗೆ ದಾನಮಾಡಬಹುದು. ಅದಕ್ಕೂ ಗತಿಯಿಲ್ಲದಿದ್ದರೆ ಒಂದು ರೊಟ್ಟಿ, ಒಂದು ಗಡಿಗೆ, ಒಂದು ದೀಪ, ಇಷ್ಟಕ್ಕೆ ಅನುಮತಿಯುಂಟೆಂದು ಕೆಲವರ ಮತ.

ಇಷ್ಟೊಂದು ಉಪಾಯಗಳನ್ನು ಕೇಳಿದವರಿಗೆ ಇದೆಲ್ಲವೂ ಶಾಸ್ತ್ರದ ಕಣ್ಣಿಗೆ ಮಣ್ಣೆರಚುವ ಆಟವೆನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ತಾಲ್ಮುದಿನಲ್ಲಿ ಒಂದು ತೀರ್ಪು ಈ ಅಪವಾದವನ್ನು ಬಹುಮಟ್ಟಿಗೆ ತೊಳೆಯುವುದು. ಏರೂವಿಲ್ಲದವನೊಬ್ಬನು ಬಚ್ಚಿಡದೆ ವಿಧಿಯನ್ನು ಮೀರಿ ಸಬ್ಬತ್ತಿಗೆ ಅಡಿಗೆ ಮಾಡಿದರೆ, ಮಾಡಿದುದು ತಪ್ಪಾದರೂ ಆ ಊಟವನ್ನು ಉಣ್ಣಲು ಅಡ್ಡಿಯಿಲ್ಲ. ಹಬ್ಬದೂಟಕ್ಕೆಂದು ನೆಪಹೇಳಿ ಬೇಕೆಂದೇ ಹೆಚ್ಚು ಬೇಯಿಸಿ ಮಿಗಿಸಿಟ್ಟರೆ ಅದನ್ನು ಉಣ್ಣಲಾಗದು. ಬಹಿರಂಗವಾದ ಉಲ್ಲಂಘನೆಗಿಂತ ಕಪಟಕ್ಕೆ ಹೆಚ್ಚಿನ ಬಿಗಿ! ಮೀರಿದವನಿಗೆ ತಾನು ಮೀರಿದೆನೆಂಬ ಅರಿವಾದರೂ ಉಳಿದಿರುವುದು. ನೆಪ ಹೂಡಿದವನು ತಾನು ಸಾಚಾ ಎಂದುಕೊಂಡು ನಾಲ್ಕು ಜನಕ್ಕೆ ಅದೇ ದಾರಿಯನ್ನು ಕಲಿಸುವನು. ಏರೂವು ನೆಪವಲ್ಲದೆ ಉಳಿಯುವುದು ಏತರಿಂದ ಎಂದರೆ, ಅದನ್ನು ಹಬ್ಬಕ್ಕೆ ಮೊದಲೇ, ಇನ್ನೂ ಏನೂ ತೊಡಕಿಲ್ಲದ ಹೊತ್ತಿನಲ್ಲಿ, ಉದ್ದೇಶವನ್ನು ಬಾಯಿಬಿಟ್ಟು ಹೇಳಿ ಇಡುವುದರಿಂದ.

ಇಂತಹ ಶುಕ್ರವಾರಗಳು ಎಷ್ಟು ಸಲ ಬರುವುವೆಂಬುದು ಅವರು ಇರುವ ದೇಶವನ್ನು ಅವಲಂಬಿಸಿದೆ. ಪೂರ್ವದಲ್ಲಿ ಚಂದ್ರದರ್ಶನದ ಸಾಕ್ಷ್ಯದ ಮೇಲೆ ಯೆರೂಸಲೇಮಿನ ನ್ಯಾಯಸಭೆಯು ಮಾಸಾರಂಭವನ್ನು ಸಾರುತ್ತಿದ್ದಿತು. ಬೆಟ್ಟದಿಂದ ಬೆಟ್ಟಕ್ಕೆ ಪಂಜಿನ ಸಂಕೇತಗಳಿಂದಲೂ, ಅವು ಕೆಟ್ಟಮೇಲೆ ದೂತರಿಂದಲೂ ಸುದ್ದಿ ಹೋಗುತ್ತಿದ್ದಿತು. ದೂರದೇಶಗಳಿಗೆ ಸುದ್ದಿ ಹೊತ್ತಿಗೆ ಮುಟ್ಟದಿದ್ದುದರಿಂದ ಅಲ್ಲಿಯವರು ಸಂದೇಹನಿವಾರಣೆಗಾಗಿ ಎರಡು ದಿನ ಹಬ್ಬವನ್ನು ಆಚರಿಸಿದರು. ಗಣಿತದ ಪಂಚಾಂಗವು ನಿಂತಮೇಲೆ ಸಂದೇಹ ಹೋಯಿತು, ಆಚಾರ ಉಳಿಯಿತು. ಸ್ಮಾರ್ತರ ಏಕಾದಶಿ ಬೇರೆ, ವೈಷ್ಣವರ ಏಕಾದಶಿ ಬೇರೆ ಎಂಬುದನ್ನು ಬಲ್ಲ ನಮ್ಮ ಜನಕ್ಕೆ ಇದರಲ್ಲಿ ಅಚ್ಚರಿಯಿರಲಾರದು. 2024ರಲ್ಲಿ ವರ್ಷಾದಿಯು ಅಕ್ಟೋಬರ್ 3 ಮತ್ತು 4ನೆಯ ತಾರೀಖು, ಗುರುವಾರ ಶುಕ್ರವಾರಗಳಂದು ಬಂದಿತು. ಪರ್ಣಶಾಲೆಗಳ ಹಬ್ಬದ ಮೊದಲ ದಿನಗಳು 17 ಮತ್ತು 18ರಂದು, ಅದರ ಕೊನೆಯ ದಿನಗಳು 24 ಮತ್ತು 25ರಂದು, ಇವೂ ಗುರುವಾರ ಶುಕ್ರವಾರಗಳೇ. ಹೊರದೇಶದ ಮನೆಗಳಲ್ಲಿ ಆ ಒಂದೇ ತಿಂಗಳಲ್ಲಿ ಮೂರು ಸಲ ಏರೂವನ್ನಿಡಬೇಕಾಯಿತು. ಇಸ್ರೇಲ್ ದೇಶದಲ್ಲಿ ವರ್ಷಾದಿಯೊಂದೇ ಎರಡು ದಿನದ್ದು, ಆದುದರಿಂದ ಅಲ್ಲಿ ಒಂದೇ ಸಲ.

ಎರಡು ದಿನದ ಈ ಸಂದೇಹವು ಮರೆತವನಿಗೆ ಕೊನೆಯದೊಂದು ಬಾಗಿಲನ್ನೂ ತೆರೆದಿರುವುದು. ಹೊರದೇಶದಲ್ಲಿ ಗುರುವಾರ ಬೆಳಿಗ್ಗೆ ಮರೆವು ನೆನಪಿಗೆ ಬಂದರೆ ಅವನು ಷರತ್ತಿನ ಏರೂವನ್ನಿಡಬಹುದು: ಇಂದೇ ನಿಜವಾದ ಹಬ್ಬವಾದರೆ ನಾಳೆ ಸಾಮಾನ್ಯ ದಿನ, ಏರೂವೇ ಬೇಕಿಲ್ಲ; ನಾಳೆ ಹಬ್ಬವಾದರೆ ಇಂದು ಸಾಮಾನ್ಯ ದಿನ, ಇದೋ ನನ್ನ ಏರೂವು. ವರ್ಷಾದಿಯಲ್ಲಿ ಈ ಬಾಗಿಲು ಮುಚ್ಚಿರುವುದು, ಏಕೆಂದರೆ ಅದರ ಎರಡು ದಿನಗಳನ್ನೂ ಒಂದೇ ದೀರ್ಘವಾದ ದಿನವೆಂದು ಎಣಿಸುವರು. ಪ್ರಾಯಶ್ಚಿತ್ತದ ದಿನವೇ ಶುಕ್ರವಾರ ಬಂದರೆ ಗತಿಯೇನೆಂಬ ಪ್ರಶ್ನೆಯಂತೂ ಏಳುವುದೇ ಇಲ್ಲ. ಅದು ಸಬ್ಬತ್ತಿನ ಹಿಂದೆಯಾಗಲಿ ಮುಂದೆಯಾಗಲಿ ತಗಲಿಕೊಂಡು ಬಾರದಂತೆ ಪಂಚಾಂಗವನ್ನೇ ಹೊಂದಿಸಿರುವರು. ಎರಡು ದಿನ ಸೊಪ್ಪುಸದೆ ಬಾಡೀತು, ಸತ್ತವರ ಸಂಸ್ಕಾರ ತಡೆದೀತು ಎಂದು ತಾಲ್ಮುದಿನಲ್ಲಿ ಇದಕ್ಕೆ ಕಾರಣಗಳನ್ನು ಹೇಳಿದೆ.

ಎತ್ತಿಟ್ಟ ರೊಟ್ಟಿಯೂ ಮೊಟ್ಟೆಯೂ ಕೊನೆಗೇನಾಗುವುವೆಂದು ಕೇಳುವವರಿದ್ದಾರು. ಸಬ್ಬತ್ತಿನ ಊಟಗಳಲ್ಲಿ, ಅರಣ್ಯದಲ್ಲಿ ಆರನೆಯ ದಿನ ಇಮ್ಮಡಿಯಾಗಿ ಸುರಿದ ಮನ್ನದ ನೆನಪಿಗೆಂದು, ಎರಡು ರೊಟ್ಟಿಗಳನ್ನು ಮುಂದಿಟ್ಟು ಸ್ತುತಿಸುವುದುಂಟು. ಏರೂವಿನ ರೊಟ್ಟಿಯನ್ನು ಶುಕ್ರವಾರ ರಾತ್ರಿಯೂ ಶನಿವಾರ ಬೆಳಿಗ್ಗೆಯೂ ಅವುಗಳಲ್ಲೊಂದಾಗಿ ಇಟ್ಟು, ಮುರಿಯದೆ ಹಿಂದಕ್ಕೆ ತೆಗೆದಿಡುವುದು ಹಲವರ ಬಳಕೆ. ಶನಿವಾರ ಇಳಿಹೊತ್ತಿನ ಮೂರನೆಯ ಊಟದಲ್ಲಿ ಅದನ್ನು ಮುರಿದು, ಮೂರು ದಿನದಿಂದ ಕಾದಿದ್ದ ಮೊಟ್ಟೆಯೊಡನೆ, ಮನೆಯವರೆಲ್ಲರೂ ಹಂಚಿಕೊಂಡು ತಿನ್ನುವರು.